ಪುಟ್ಟಿಯ ಅಂಗಾಲಿನ ಮಚ್ಚೆ ವಿಷಯ

ಪುಟ್ಟಿ, ಟೈಪ್ ಮಾಡೋಕೆ ಕಣ್ಣು ಕಾಣಲ್ಲ, ಮಾತಾಡಿಯೇ ಹೇಳ್ತೀನಿ. ಅಂಗಾಲಿನ ಕಪ್ಪು ಮಚ್ಚೆ ದೊಡ್ಡದಾಗುತ್ತಿದೆ, ಚರ್ಮದ ಕ್ಯಾನ್ಸರ್ ಇರಬಹುದಾ ಅಂತ ಕೇಳಿದ್ದೀಯ. ಕೆಳಗೆ ನಿನ್ನ ಚಿಕ್ಕಪ್ಪ ‘ಅದೆಲ್ಲ ಬಿಳಿಯರಿಗೆ ಬರೋದು’ ಅಂತ ಬರೆದು ನಗು ಮುಖ ಬೇರೆ ಹಾಕಿದ್ದಾನೆ. ಅವನ ಮಾತು ಬಿಡು. ನಮ್ಮ ಮೈಬಣ್ಣಕ್ಕೆ ಕಡಿಮೆ ಬರುತ್ತೆ, ನಿಜ. ಆದರೆ ಮೆಲನೋಮ, ಅಂದರೆ ಕಪ್ಪು ಮಚ್ಚೆ ಥರ ಕಾಣೋ ಚರ್ಮದ ಕ್ಯಾನ್ಸರ್, ಬಂದರೆ ಬಿಸಿಲೇ ಬೀಳದ ಕಡೆ ಜಾಸ್ತಿ: ಅಂಗಾಲು, ಅಂಗೈ, ಉಗುರಿನ ಅಡಿ.

ದೊಡ್ಡ ಭಾವನವರದ್ದು ನಿಮಗೆಲ್ಲ ಗೊತ್ತಲ್ಲ. ಹಿಮ್ಮಡಿ ಹತ್ತಿರ ಹುಣಸೆ ಬೀಜದಷ್ಟು ಕಲೆ. ತೋಟದಲ್ಲಿ ಬರಿಗಾಲಲ್ಲೇ ಓಡಾಡುವವರು, ಮುಳ್ಳು ಮುರಿದಿದೆ ಅಂದುಕೊಂಡು ಬ್ಲೇಡಿನಲ್ಲಿ ಕೆತ್ತಿದರು, ಎಕ್ಕದ ಹಾಲು ಹಚ್ಚಿದರು. ಅಂಚು ಒಂದೇ ಕಡೆ ಹರಡಿತು, ಅರ್ಧ ಕಂದು, ಅರ್ಧ ಕಡುಗಪ್ಪು, ಆಮೇಲೆ ನೀರು ಸೋರಿ ಚಪ್ಪಲಿಗೆ ಅಂಟುತ್ತಿತ್ತು. ತೊಡೆಸಂದಿಯಲ್ಲಿ ಗಂಟು ಕಂಡ ಮೇಲೆ ಬೆಂಗಳೂರಿಗೆ ಹೋದರು, ಅಷ್ಟರಲ್ಲಿ ಒಳಗೆಲ್ಲ ಹರಡಿತ್ತು. ಕೆತ್ತಬೇಡ ಪುಟ್ಟಿ, ಏನೂ ಹಚ್ಚಬೇಡ. ಮೊಮ್ಮಗನ ಟೀ ಶರ್ಟಿನ ಮೇಲೆ ಇರ್ತಾನಲ್ಲ, ಜಮೈಕಾದ ಹಾಡುಗಾರ ಬಾಬ್ ಮಾರ್ಲಿ, ಅವನಿಗೂ ಕಾಲ್ಬೆರಳ ಉಗುರಿನ ಅಡಿ ಇದೇ ಆಗಿದ್ದು. 1977ರಲ್ಲಿ ಗೊತ್ತಾಯಿತು, 1981ರಲ್ಲಿ ಹೋದ, ಬರೀ 36 ವರ್ಷ.

ಭಾವ ಮಲಗಿದ್ದಾಗ ಗಂಜಿ ಕ್ಯಾರಿಯರ್ ಹಿಡಿದು ಬಸ್ಸಲ್ಲಿ ಓಡಾಡಿದ್ದು ನಾನು. ಮಕ್ಕಳು ಫೋನಲ್ಲೇ ವಿಚಾರಿಸಿಕೊಂಡರು. ತಿಥಿಗೆ ಮಾತ್ರ ಕಾರು ಬಂತು. ತೋಟ ಪಾಲಾಗುವಾಗ ಬಾವಿ ಇರೋ ಮೇಲಿನ ತುಂಡು ಯಾರ ಪಾಲಿಗೆ ಹೋಯಿತು ಅಂತ ನಾನು ಬಾಯಿ ಬಿಟ್ಟು ಹೇಳಬೇಕಾ? ಇದೇ ಗ್ರೂಪಲ್ಲಿ ಇದ್ದಾರೆ, ಕೇಳಿಸಿಕೊಳ್ಳಲಿ.

ಅಯ್ಯೋ, ಹೇಳಬೇಕಾದ್ದೇ ಮರೆತೆ ನೋಡು. ಸ್ಕೇಲು ಪಕ್ಕಕ್ಕಿಟ್ಟು ಫೋಟೋ ತೆಗೆದಿಟ್ಟುಕೊ. 6 ಮಿಲಿಮೀಟರ್ ದಾಟಿದ್ದರೆ, ಅಂಚು ಸೊಟ್ಟಪಟ್ಟ ಇದ್ದರೆ, ಬಣ್ಣ ಬೇರೆ ಬೇರೆ ಇದ್ದರೆ ತೋರಿಸಲೇಬೇಕು. ಚಿಕ್ಕದಿದ್ದರೂ ಬದಲಾಗುತ್ತಿದೆ ಅಂತ ನೀನೇ ಹೇಳ್ತಿದ್ದೀಯಲ್ಲ, ಅಷ್ಟು ಸಾಕು. ಈ ವಾರವೇ ಚರ್ಮದ ಡಾಕ್ಟರ ಹತ್ತಿರ ಹೋಗು, ಪಾರ್ಲರಿಗಲ್ಲ. ಅಲ್ಲಿವರೆಗೆ ಕೆತ್ತಬೇಡ, ಏನೂ ಹಚ್ಚಬೇಡ. ಬಯಾಪ್ಸಿ ಬೇಕು, ಚೂರು ತೆಗೆದು ಪರೀಕ್ಷೆ ಮಾಡಬೇಕು ಅಂದರೆ ಮಾಡಿಸು, ತುಂಡು ತೆಗೆದರೆ ಹರಡುತ್ತೆ ಅನ್ನೋದು ಸುಳ್ಳು. ಬಹುತೇಕ ಮಚ್ಚೆಗಳು ಸುಮ್ನೆ ಮಚ್ಚೆಗಳೇ, ಹೆದರಬೇಡ. ಹಾಂ, ಸೊಂಟದಲ್ಲಿ ಲಂಗದ ಲಾಡಿ ಉಜ್ಜಿ ಹುಣ್ಣಾಗಿದೆ ಅಂತ ನಿಮ್ಮಜ್ಜಿ ಹೇಳ್ತಿದ್ದರಲ್ಲ, ಇನ್ನೂ ಒಣಗಿಲ್ಲ ಅಂದರೆ ಅವರನ್ನೂ ಕರೆದುಕೊಂಡು ಹೋಗು. ವರ್ಷಗಟ್ಟಲೆ ಲಾಡಿ ಬಿಗಿದ ಜಾಗದಲ್ಲೇ ಕ್ಯಾನ್ಸರ್ ಆದ ಹೆಂಗಸರು ನಮ್ಮ ದೇಶದಲ್ಲಿ ಇದ್ದಾರೆ. ಹೇಗೂ ಆಟೋ ಒಂದೇ ಅಲ್ವಾ.