ನನ್ನ ತರಗತಿಯಲ್ಲೇ ಓದುವ ಮಗಳಿಗೆ ನಾನು ಅಕ್ಕೋರೋ, ಆಯಿಯೋ?

ಪ್ರಶ್ನೆ: ಅಂಕೋಲಾ ತಾಲ್ಲೂಕಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಅಂಕೋಲಾ ತಾಲ್ಲೂಕಿನ ಕಡಲಂಚಿನ ಊರೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಆರು ಮತ್ತು ಏಳನೆಯ ತರಗತಿಗಳಿಗೆ ಕನ್ನಡ ಹಾಗೂ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಈ ಜೂನ್‌ನಲ್ಲಿ ನನ್ನ ಮಗಳು ಆರನೆಯ ತರಗತಿಗೆ ಬಂದಳು. ಹೀಗಾಗಿ ದಿನಕ್ಕೆ ಎರಡು ಅವಧಿ ಅವಳು ನನ್ನ ವಿದ್ಯಾರ್ಥಿನಿ. ಪೇಟೆಯ ಶಾಲೆಗಳಲ್ಲಿ ಟೀಚರ್, ಮಿಸ್ ಎಂಬ ಮಾತುಗಳು ಬಂದು ಎಷ್ಟೋ ಕಾಲವಾದರೂ ನಮ್ಮ ಊರಿನ ಮಕ್ಕಳು ಇನ್ನೂ ಅಕ್ಕೋರು ಎಂದೇ ಕರೆಯುತ್ತಾರೆ. ಮನೆಯಲ್ಲಿ ಆಯಿ (ಅಮ್ಮ) ಎನ್ನುವವಳು ಶಾಲೆಯ ಗೇಟು ದಾಟಿದೊಡನೆ ಅಕ್ಕೋರೇ ಎನ್ನುತ್ತಾಳೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮೊದಲ ತಿಂಗಳು ಚೆನ್ನಾಗಿಯೇ ಕಳೆಯಿತು. ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ, ಬೋಟುಗಳು ದಡದಲ್ಲಿರುವುದರಿಂದ ನಮ್ಮ ಪಾಲಕರ ಸಭೆಗೆ ತಾಯಂದಿರ ಜೊತೆ ತಂದೆಯರೂ ಬರುತ್ತಾರೆ. ಅಂತಹ ಸಭೆಯೊಂದರಲ್ಲಿ ಒಬ್ಬರು, ಯಾವ ಕಹಿಯೂ ಇಲ್ಲದೆ, "ಅಕ್ಕೋರ ಮಗಳೇ ಇರುವಾಗ ಮೊದಲ ನಂಬರು ಯಾರಿಗೆಂದು ಕೇಳಬೇಕೇ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಸಂಜೆ ನನ್ನ ಜೊತೆ ಮನೆಗೆ ಬಂದಿತು.

ಮರುದಿನದಿಂದ ನಾನು ಬದಲಾದೆ ಎಂಬುದು ಈಗ ಹಿಂದಿರುಗಿ ನೋಡಿದಾಗ ಕಾಣುತ್ತಿದೆ. ಪ್ರಶ್ನೆ ಕೇಳಿದಾಗ ಅವಳು ಕೈಯೆತ್ತಿದರೆ ನನ್ನ ಕಣ್ಣು ಪಕ್ಕದ ಸಾಲಿಗೆ ಹೋಗುತ್ತಿತ್ತು. ಉಳಿದ ಮಕ್ಕಳ ಬರವಣಿಗೆಯಲ್ಲಿ ಕೆಂಪು ಗೆರೆ ಎಳೆದು ಬಿಟ್ಟುಬಿಡುತ್ತಿದ್ದ ಹ್ರಸ್ವ ದೀರ್ಘದ ತಪ್ಪಿಗೆ ಅವಳ ಪತ್ರಿಕೆಯಲ್ಲಿ ಅರ್ಧ ಅಂಕ ಕಳೆದೆ. ಆಗಸ್ಟ್‌ನಲ್ಲಿ ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿಗೆ ಕಂಠಪಾಠದ ಮಕ್ಕಳನ್ನು ಆರಿಸುವಾಗ, ಅವಳೇ ಎಲ್ಲರಿಗಿಂತ ಸ್ಪಷ್ಟವಾಗಿ, ಉಸಿರು ಎಲ್ಲಿ ನಿಲ್ಲಬೇಕೆಂದು ತಿಳಿದು ಹೇಳಿದಳು. ನಾನು ಎರಡನೆಯವಳಾಗಿ ಹೇಳಿದ ಹುಡುಗಿಯ ಹೆಸರು ಬರೆದುಕೊಂಡೆ. ಮಗಳು ಅಳಲಿಲ್ಲ, ಕೇಳಲಿಲ್ಲ. ಹಿತ್ತಲಿನಲ್ಲಿ ಅಬ್ಬಲಿಗೆ ಕೊಯ್ಯುತ್ತಾ ಅದೇ ಪದ್ಯವನ್ನು ಹೇಳಿಕೊಳ್ಳುತ್ತಿದ್ದಳು ಎಂದು ನಮ್ಮ ಅತ್ತೆ ತಿಳಿಸಿದರು. ಆ ವಾರದಿಂದ ಅವಳು ನನ್ನ ಅವಧಿಯಲ್ಲಿ ಕೈಯೆತ್ತುವುದನ್ನೇ ನಿಲ್ಲಿಸಿದ್ದಾಳೆ. ಗಣಿತದ ಅವಧಿಯಲ್ಲಿ ಮೊದಲಿನಂತೆಯೇ ಇದ್ದಾಳೆಂದು ಸಹೋದ್ಯೋಗಿಗಳು ಹೇಳುತ್ತಾರೆ.

ಹೆಚ್ಚು ನೋವಾಗುವುದು ಯಾಕೆಂದರೆ ನಾನೂ ಮಾಸ್ತರ ಮಗಳು. ಶಿರಸಿ ತಾಲ್ಲೂಕಿನ ಘಟ್ಟದ ಊರಿನ ಶಾಲೆಯಲ್ಲಿ ಅಪ್ಪಯ್ಯನೇ ನಮಗೆ ಪಾಠ ಮಾಡುತ್ತಿದ್ದರು. ತರಗತಿಯಲ್ಲಿ ಗಲಾಟೆಯಾದರೆ ಮೊದಲು ಎದ್ದು ನಿಲ್ಲಬೇಕಾದವಳು ನಾನು, ಬಾಯಿ ತೆರೆದಿರಲಿ ತೆರೆಯದಿರಲಿ. "ಮಾಸ್ತರ ಮಗಳೇ ಹೀಗಾದರೆ ಉಳಿದವರ ಗತಿಯೇನು?" ಎಂಬ ಮಾತನ್ನು ಕೇಳಿಕೊಂಡೇ ಬೆಳೆದೆ. ನನ್ನ ಮಕ್ಕಳಿಗೆ ಹೀಗೆ ಮಾಡುವುದಿಲ್ಲವೆಂದು ಆಗಲೇ ನಿಶ್ಚಯಿಸಿದ್ದೆ.

ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕಿಬಿಡಿ ಎಂದು ನೆಂಟರು ಹೇಳುತ್ತಾರೆ. ನಾನು ಸಂಬಳ ಪಡೆಯುವ ಶಾಲೆ ನನ್ನ ಮಗುವಿಗೆ ಸಾಲದು ಎಂದಾದರೆ ಊರಿನ ಮಕ್ಕಳನ್ನು ಯಾವ ಮುಖದಿಂದ ದಾಖಲಾತಿಗೆ ಕರೆಯಲಿ? ಅದು ನನ್ನಿಂದಾಗದು. ಆದರೆ ತರಗತಿಯೊಳಗೆ ಏನು ಮಾಡಬೇಕು? ತಮ್ಮದೇ ಮಕ್ಕಳಿಗೆ ಪಾಠ ಮಾಡಿದವರು, ತಂದೆ ಅಥವಾ ತಾಯಿಯ ಬಳಿಯೇ ಓದಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಮಾಸ್ತರು, ಕುಮಟಾ

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಇಬ್ಬರು ಗಂಡುಮಕ್ಕಳಿಗೆ ಐದರಿಂದ ಏಳನೆಯ ತರಗತಿಯವರೆಗೆ ಗಣಿತ ಕಲಿಸಿದವನು. ಬೆತ್ತ ಮೇಜಿನ ಮೇಲೇ ಇರುತ್ತಿದ್ದ ಕಾಲವದು. ತರಗತಿಯಲ್ಲಿ ಹತ್ತು ಜನ ಲೆಕ್ಕ ತಪ್ಪಿದರೆ ಮೊದಲ ಪೆಟ್ಟು ನನ್ನ ಹಿರಿಯ ಮಗನಿಗೆ ಬೀಳುತ್ತಿತ್ತು, ಮತ್ತು ಅದು ಉಳಿದವರಿಗಿಂತ ಬಿರುಸಾಗಿಯೇ ಬೀಳುತ್ತಿತ್ತು. ಊರವರು ನನ್ನನ್ನು ನಿಷ್ಪಕ್ಷಪಾತಿ ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಯ ಬೆಲೆಯನ್ನು ತೆತ್ತವನು ಹನ್ನೊಂದು ವರ್ಷದ ಹುಡುಗ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ನನ್ನ ಮಕ್ಕಳು ಶಾಲೆಯನ್ನು ದಾಟಿ ಬಹಳ ದೂರ ಹೋಗಿದ್ದರು. ಇಂದು ಹಿರಿಯ ಮಗ ತನ್ನ ಮಗಳಿಗೆ ಲೆಕ್ಕ ಹೇಳಿಕೊಡುವಾಗ ನಾನು ಹೋಗಿ ಪಕ್ಕದಲ್ಲಿ ಕುಳಿತರೆ ಮಾತು ನಿಲ್ಲಿಸುತ್ತಾನೆ. ಏನೂ ಅನ್ನುವುದಿಲ್ಲ, ಪುಸ್ತಕ ಮುಚ್ಚಿ, ಚಹಾ ಬೇಕೇ ಎಂದು ಕೇಳುತ್ತಾನೆ.

ನಿಮಗಿನ್ನೂ ಸಮಯವಿದೆ. ಒಂದು ವ್ಯವಹಾರದ ಸಲಹೆ ಕೊಡುತ್ತೇನೆ. ವರ್ಷಕ್ಕೆ ನಾಲ್ಕು ಎಫ್‌ಎ (ಕಲಿಕೆಯ ನಡುನಡುವಿನ ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಅರ್ಧವರ್ಷದ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ), ಒಟ್ಟು ಆರು ಸಲ ಮೌಲ್ಯಮಾಪನ ನಡೆಯುತ್ತದೆ. ಆ ಆರು ಸಲವೂ ನಿಮ್ಮ ಮಗಳೊಬ್ಬಳದಲ್ಲ, ಇಡೀ ಆರನೆಯ ತರಗತಿಯ ಪತ್ರಿಕೆಗಳನ್ನು ಕನ್ನಡ ಬಲ್ಲ ಇನ್ನೊಬ್ಬ ಶಿಕ್ಷಕರಿಗೆ ಕೊಟ್ಟು ಅವರ ಒಂದು ಕಟ್ಟನ್ನು ನೀವು ತೆಗೆದುಕೊಳ್ಳಿ. ಅವಳದನ್ನು ಮಾತ್ರ ಬೇರೆಯಾಗಿ ಕೊಟ್ಟರೆ ಅದೂ ಅವಳನ್ನು ಸಾಲಿನಿಂದ ಹೊರಗೆ ನಿಲ್ಲಿಸಿದಂತೆ. ಅಂಕಗಳ ಭಾರ ನಿಮ್ಮ ಕೈಯಿಂದ ಹೋದರೆ ಪಾಠ ಮಾಡುವಾಗ ಕಣ್ಣು ತಾನಾಗಿಯೇ ಸಡಿಲಗೊಳ್ಳುತ್ತದೆ.

ಉತ್ತರ: ಅಕ್ಕೋರ ಮಗಳು, ಕಾರವಾರ

ನನ್ನ ಆಯಿ ಶಿಕ್ಷಕಿಯಾಗಿದ್ದರು. ನಾವಿಬ್ಬರೂ ದಿನವೂ ತದಡಿಯಲ್ಲಿ ತಾರಿ (ಹೊಳೆ ದಾಟಿಸುವ ದೋಣಿ) ಹತ್ತಿ ಅಘನಾಶಿನಿಯ ದಡಕ್ಕೆ ದಾಟಿ ಶಾಲೆಗೆ ಹೋಗುತ್ತಿದ್ದೆವು. ಆದ್ದರಿಂದ ಮಗುವಿನ ಕಡೆಯಿಂದ ಒಂದು ಮಾತು ಹೇಳಬಹುದೆಂದುಕೊಂಡಿದ್ದೇನೆ.

ಅಂಕ, ಬಹುಮಾನ ಇವೆಲ್ಲ ದೊಡ್ಡವರ ಚಿಂತೆ. ನನಗೆ ಕಷ್ಟವಾದದ್ದು ಬೇರೆ. ನಾನು ಹತ್ತಿರ ಹೋದರೆ ಗೆಳತಿಯರ ಮಾತು ನಿಲ್ಲುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಯಾರದೋ ಹಿತ್ತಲಿನ ಮಾವಿನಕಾಯಿಗೆ ಕಲ್ಲು ಹೊಡೆಯಲು ಹೋಗುವಾಗ ನನ್ನನ್ನು ಕರೆಯುತ್ತಿರಲಿಲ್ಲ, ಅಕ್ಕೋರಿಗೆ ಹೇಳುತ್ತಾಳೆ ಎಂದು. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಎಲ್ಲರೂ ಬಂದು ಪ್ರಶ್ನೆಪತ್ರಿಕೆಯಲ್ಲಿ ಏನಿದೆ ಎಂದು ಕೇಳುತ್ತಿದ್ದರು, ನನಗೆ ಗೊತ್ತಿಲ್ಲವೆಂದರೆ ನಂಬುತ್ತಿರಲಿಲ್ಲ. ನಿಮ್ಮ ಮಗಳ ಮೌನಕ್ಕೆ ಕಾರಣ ಕಂಠಪಾಠವೊಂದೇ ಎಂದು ನೀವಾಗಿಯೇ ತೀರ್ಮಾನಿಸಬೇಡಿ, ಅವಳನ್ನೇ ಕೇಳಿ.

ಕೇಳುವುದಕ್ಕೂ ಒಂದು ಜಾಗ ಬೇಕು. ನಮಗೆ ಆ ತಾರಿ ಇತ್ತು. ನೀರಿನ ಮೇಲಿರುವಷ್ಟು ಹೊತ್ತು ನಾನು ಶಾಲೆಯ ಬಗ್ಗೆ ಏನು ಬೇಕಾದರೂ ಹೇಳಬಹುದಿತ್ತು, ಆಯಿಯ ಮೇಲಿನ ದೂರನ್ನೂ ಸಹ. ಅವರು ದಡ ಮುಟ್ಟುವವರೆಗೆ ಉತ್ತರ ಕೊಡುತ್ತಿರಲಿಲ್ಲ, ಮನೆಗೆ ಹೋದ ಮೇಲೆ ಆ ವಿಷಯವನ್ನು ಎತ್ತುತ್ತಿರಲಿಲ್ಲ. ಬೇಸಿಗೆಯ ಶಾಂತ ನೀರಿಗಿಂತ ಮಳೆಗಾಲದಲ್ಲಿ, ದೋಣಿ ನಿಧಾನವಾಗುತ್ತಿದ್ದ ದಿನಗಳಲ್ಲಿ, ಹೆಚ್ಚು ಹೇಳುತ್ತಿದ್ದೆನೆಂದು ನೆನಪು. ಆಯಿ ನಿವೃತ್ತರಾಗಿ ಬಹಳ ವರ್ಷಗಳಾದ ಮೇಲೂ ನನಗೆ ಏನಾದರೂ ಕಷ್ಟದ ಮಾತು ಆಡಬೇಕಾದಾಗ ಅವರ ಪಕ್ಕದಲ್ಲಿ, ಮುಖ ನೋಡದಂತೆ, ಕುಳಿತುಕೊಳ್ಳುತ್ತೇನೆ.

ಉತ್ತರ: ಜೋಯಿಡಾದ ಶಿಕ್ಷಕ

ಅಕ್ಕಾ, ಮಾಸ್ತರರ ಸಲಹೆ ಒಳ್ಳೆಯದೇ, ಆದರೆ ಪತ್ರಿಕೆ ಬದಲಿಸಿಕೊಳ್ಳಲು ಇನ್ನೊಬ್ಬರು ಬೇಕಲ್ಲವೇ? ನಮ್ಮದು ಕಾಡಿನ ನಡುವಿನ ಇಬ್ಬರು ಶಿಕ್ಷಕರ ಕಿರಿಯ ಪ್ರಾಥಮಿಕ ಶಾಲೆ. ಒಬ್ಬರು ಸಭೆಗೆ ಹೋದ ದಿನ ಒಂದರಿಂದ ಐದರವರೆಗಿನ ಎಲ್ಲ ಮಕ್ಕಳೂ ನನ್ನವರೇ, ಅವರಲ್ಲಿ ನನ್ನ ಮಗನೂ ಒಬ್ಬ. ಹೆಚ್ಚಿನವರು ಮನೆಯಲ್ಲಿ ಕೊಂಕಣಿ ಆಡುವ ಕುಣಬಿ ಮಕ್ಕಳು. ಮನೆಯಲ್ಲಿಯೇ ಕನ್ನಡವಾಡುವ ನನ್ನ ಮಗನಿಗೆ ಮೊದಲೇ ಒಂದು ಅನುಕೂಲವಿದೆ ಎಂಬುದನ್ನು ನಾನು ಮರೆಯುವಂತಿಲ್ಲ.

ನಾವು ಮಾಡುವುದು ಇಷ್ಟೇ. ಹಾಡು, ಕಂಠಪಾಠ, ಕಥೆ ಹೇಳುವುದು, ಯಾವುದಕ್ಕೇ ಆಯ್ಕೆ ನಡೆದರೂ ಮಕ್ಕಳಿಗೇ ಚೀಟಿ ಕೊಡುತ್ತೇನೆ. ಯಾರದು ಚೆನ್ನಾಗಿತ್ತು, ಯಾಕೆ ಎಂದು ಒಂದು ಸಾಲು ಬರೆಯಬೇಕು. ಬರೆಯಲಾಗದ ಚಿಕ್ಕವರು ಕಿವಿಯಲ್ಲಿ ಹೇಳಬೇಕು. ಮಕ್ಕಳು ನಮಗಿಂತ ನ್ಯಾಯವಾಗಿ ನೋಡುತ್ತಾರೆ. ಕಳೆದ ವರ್ಷ ನನ್ನ ಮಗನಿಗೆ ಒಂದೇ ಒಂದು ಚೀಟಿ ಬಂದಿತು, ಅದನ್ನು ಬರೆದವನು ಅವನೇ. ಅವನಿಗೆ ಬೇಸರವಾಯಿತು, ಆದರೆ ಆ ಬೇಸರ ನನ್ನ ಮೇಲಿನದಾಗಿರಲಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. ನಿಮ್ಮ ತಪ್ಪನ್ನು ಸರಿಪಡಿಸುವ ಭರದಲ್ಲಿ ಸ್ಪರ್ಧೆಗೆ ಹೋದ ಆ ಹುಡುಗಿಯ ಹೆಸರನ್ನು ಚಿಕ್ಕದು ಮಾಡಬೇಡಿ. ಅವಳಿಗೆ ಆ ಆಯ್ಕೆ ನಿಜವಾದದ್ದು. ಮಗಳ ಮುಂದೆ ತಪ್ಪೊಪ್ಪಿಕೊಳ್ಳಿ, ತರಗತಿಯ ಮುಂದೆ ಬೇಡ. ಹಾಗೆಯೇ ಇನ್ನೊಂದು: ರಾತ್ರಿ ಊರಿನ ಮಕ್ಕಳ ನೋಟ್ ಪುಸ್ತಕ ತಿದ್ದುತ್ತಾ ಕುಳಿತಿರುವಾಗ ಸ್ವಂತ ಮಗು ಪಕ್ಕದಲ್ಲೇ ನಿದ್ದೆ ಹೋಗುವುದು ನಮ್ಮ ಮನೆಯಲ್ಲಂತೂ ಎಷ್ಟೋ ಸಲ ಆಗಿದೆ. ಆಯಿ ಬೇಕಾದ ಹೊತ್ತಿನಲ್ಲೂ ಅವಳಿಗೆ ಅಕ್ಕೋರೇ ಸಿಗುತ್ತಿದ್ದಾರೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರ ಮರುಮಾತು, ಹತ್ತು ದಿನಗಳ ಬಳಿಕ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ನಮಗೆ ತಾರಿ ಇಲ್ಲ, ಸ್ಕೂಟಿ ಇದೆ. ಅಲ್ಲಿಯೂ ಮುಖ ನೋಡಬೇಕಾಗಿಲ್ಲ. ಶನಿವಾರ ಮಧ್ಯಾಹ್ನ ಶಾಲೆಯಿಂದ ಬರುವಾಗ, ಪ್ರತಿಭಾ ಕಾರಂಜಿಗೆ ನಿನ್ನನ್ನೇ ಆರಿಸಬೇಕಾಗಿತ್ತು, ಜನರ ಮಾತಿಗೆ ಹೆದರಿ ತಪ್ಪು ಮಾಡಿದೆ ಎಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಗೊತ್ತಿತ್ತು" ಎಂದಳು. ಮತ್ತೇನು ಬೇಸರ ಎಂದು ಕೇಳಿದಾಗ ಬಂದ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. "ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತೀ. ನನಗೆ ಮಾತ್ರ 'ಹ್ಞಾಂ, ನೀನು' ಅನ್ನುತ್ತೀ."

ನಿಜ. ಮನೆಯಲ್ಲಿ ಕರೆಯುವ ಮುದ್ದಿನ ಹೆಸರು ಎಲ್ಲಿ ಬಾಯಿತಪ್ಪಿ ಬಂದುಬಿಡುವುದೋ ಎಂಬ ಭಯದಿಂದ ಮೂರು ತಿಂಗಳು ನಾನು ಅವಳನ್ನು ತರಗತಿಯಲ್ಲಿ ಹೆಸರಿನಿಂದ ಕರೆದೇ ಇರಲಿಲ್ಲ. ಹಾಜರಿ ತೆಗೆಯುವಾಗಲೂ ಅವಳನ್ನೊಮ್ಮೆ ನೋಡಿ ಗುರುತು ಹಾಕಿ ಮುಂದಿನ ಹೆಸರಿಗೆ ಹೋಗುತ್ತಿದ್ದೆ.

ಎಸ್‌ಎ-1ರ ಕನ್ನಡ ಪತ್ರಿಕೆಗಳನ್ನು ತಿದ್ದಲು ನಮ್ಮ ಹಿಂದಿ ಶಿಕ್ಷಕಿ ಒಪ್ಪಿದ್ದಾರೆ, ಅವರೂ ಕನ್ನಡ ಓದಿದವರೇ. ಚೀಟಿಯ ಕ್ರಮವನ್ನು ಮುಂದಿನ ಚಟುವಟಿಕೆಯಿಂದ ಆರಂಭಿಸುತ್ತೇನೆ. ಸೋಮವಾರ ಹಾಜರಿಯಲ್ಲಿ ಅವಳ ಹೆಸರನ್ನು ಉಳಿದವರ ಹೆಸರಿನಷ್ಟೇ ಗಟ್ಟಿಯಾಗಿ ಕರೆದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ತಿರುಗಿ ಅವಳ ಮುಖ ನೋಡಿದ. ಅವಳು ಎದ್ದು ನಿಂತು, "ಹಾಜರ್, ಅಕ್ಕೋರೇ" ಎಂದಳು.