ಸಹಾಯ ಬೇಕು: ಅಮ್ಮನ ರೇಡಿಯೇಷನ್, ಚರ್ಮದ ಉರಿ

ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ಅಮ್ಮನಿಗೆ ಸ್ತನ ಕ್ಯಾನ್ಸರ್. ವಾರಕ್ಕೆ 5 ದಿನ ರೇಡಿಯೇಷನ್, ಈಗ ಮೂರನೇ ವಾರ. ಕಂಕುಳ ಹತ್ತಿರ ಚರ್ಮ ಕೆಂಪಾಗಿ ಉರಿಯುತ್ತಿದೆ. ರಾತ್ರಿ ನಿದ್ದೆಯೇ ಇಲ್ಲ, ನೋಡಲು ಆಗುತ್ತಿಲ್ಲ.

ಉಗುರುಬೆಚ್ಚಗಿನ ನೀರು, ಮೃದು ಸೋಪು, ಸಡಿಲ ಹತ್ತಿ ಬಟ್ಟೆ, ಉಜ್ಜಬೇಡಿ ಅಂದಿದ್ದಾರೆ ಡಾಕ್ಟರು. ಅಕ್ಕಪಕ್ಕದವರು ಅರಿಶಿನ ಹಚ್ಚಿ ಅನ್ನುತ್ತಾರೆ. ಕೇಳದೆ ಸುಮ್ನೆ ಏನೂ ಹಚ್ಚುವುದಿಲ್ಲ. ಹಿತ್ತಲಲ್ಲಿ ಲೋಳೆಸರ ಇದೆ, ಆದರೆ ಅದರ ಹಳದಿ ಹಾಲು ತುರಿಕೆ ತರುತ್ತದೆ, ಅಲ್ವಾ?

ಈ ಚಿಕಿತ್ಸೆ ಮುಗಿಸಿದ ಅಕ್ಕಂದಿರೇ, ನಿಮ್ಮ ಡಾಕ್ಟರು ಲೋಳೆಸರ, ಕೊಬ್ಬರಿ ಎಣ್ಣೆಗೆ ಒಪ್ಪಿದ್ದರಾ? ರೇಡಿಯೇಷನ್‌ಗೆ ಎಷ್ಟು ಹೊತ್ತು ಮೊದಲು ಬಿಡಬೇಕು ಅಂದಿದ್ದರು? ಇನ್ನೊಂದು, ಈ ಮಳೆಯಲ್ಲಿ ಹತ್ತಿ ರವಿಕೆ ಒಣಗುವುದೇ ಇಲ್ಲ. ಬಚ್ಚಲೊಲೆ ಮೇಲೆ ಹಾಕಿದರೆ ಹೊಗೆ. ಒದ್ದೆ ಬಟ್ಟೆ ತಾಗಿದರೆ ಉರಿ ಜಾಸ್ತಿ. ನೀವು ಹೇಗೆ ಒಣಗಿಸಿದಿರಿ? ದಯವಿಟ್ಟು ಹೇಳಿ.