ತೆಳು ನರತಂತುವೇ ಮೊದಲು ಬ್ಲಾಕ್ ಆಗುತ್ತಾ?

ಜಯನಗರ_ಪೀಜಿ: ಥಿಯರಿ ಪೇಪರಿಗೆ ಓದ್ತಾ ಇದೀನಿ. ನರತಂತುಗಳಲ್ಲಿ ಎ, ಬಿ, ಸಿ ಅಂತ ಗುಂಪು, ಸಿ ಎಲ್ಲಕ್ಕಿಂತ ತೆಳು. ಫಿಸಿಯಾಲಜಿ ಟೇಬಲ್ ಪ್ರಕಾರ ಒತ್ತಡಕ್ಕೆ ಎ, ಆಮ್ಲಜನಕದ ಕೊರತೆಗೆ ಬಿ, ಲೋಕಲ್ ಅನಸ್ತೇಶಿಯಾಕ್ಕೆ (ಮರಗಟ್ಟಿಸೋ ಔಷಧಕ್ಕೆ) ಸಿ ಮೊದಲು ಸೋಲುತ್ತೆ. ಸ್ಪೈನಲ್ (ಬೆನ್ನುಹುರಿ ಸುತ್ತಲಿನ ದ್ರವಕ್ಕೆ ಚುಚ್ಚುಮದ್ದು) ಕೊಟ್ಟಾಗಲೂ ತಂಪಿನ ಅರಿವು ಮೊದಲು ಹೋಗುತ್ತೆ, ಕಾಲಿನ ಶಕ್ತಿ ಆಮೇಲೆ. ‘ತೆಳುವಾದಷ್ಟೂ ಬೇಗ’ ಅಂತ ಬರೆದರೆ ಸಾಕಲ್ವಾ?

ನರಪಾಠ: ಸಾಲದು. ಒತ್ತಡದ ಸಾಲೇನೋ ಸರಿ. ಚಕ್ಕಳಮಕ್ಕಳ ಕೂತು ಜೋಮು ಹಿಡಿದಾಗ ಮುಟ್ಟಿದ್ದು ಗೊತ್ತಾಗದಿದ್ದರೂ ಚುಚ್ಚಿದ ನೋವು ಗೊತ್ತಾಗುತ್ತೆ. ತಕರಾರಿರೋದು ಸಿ ಬಗ್ಗೆ. 2001ರಲ್ಲಿ ಇಲಿಯ ಸಯಾಟಿಕ್ (ಕಾಲಿನ ದೊಡ್ಡ) ನರಕ್ಕೆ ಲಿಡೊಕೇನ್ ಅನ್ನೋ ಮರಗಟ್ಟಿಸೋ ಔಷಧ ಹಾಕಿ ಒಂದೊಂದೇ ತಂತು ಅಳೆದಾಗ ಎ ಗುಂಪಿನ ಎ-ಗ್ಯಾಮಾ ಎಲ್ಲಕ್ಕಿಂತ ಮೊದಲು ಸೋತಿತು, ಸಿ ಎಲ್ಲಕ್ಕಿಂತ ಕೊನೆಗೆ. ಸಿ ತಂತು 1 ಮೈಕ್ರಾನ್ ಆಸುಪಾಸು, ಮಯಲಿನ್ (ತಂತುವಿನ ಕೊಬ್ಬಿನ ಹೊದಿಕೆ) ಇಲ್ಲ. ಬರೀ ದಪ್ಪವೇ ಕಾರಣವಾಗಿದ್ದರೆ ಅದೇ ಮೊದಲು ಹೋಗಬೇಕಿತ್ತು.

ಓಟಿ_ಮಲ್ಲೇಶ್ವರಂ: ಹಾಗಂತ ದಪ್ಪಕ್ಕೆ ಲೆಕ್ಕವೇ ಇಲ್ಲ ಅನ್ನಬೇಡಿ ಮೇಡಂ. ಮಯಲಿನ್ ಇರೋ ತಂತು ಪಕ್ಕಾ ನಿಲ್ಲಬೇಕಾದರೆ ಸಾಲಾಗಿ ಸುಮಾರು ಮೂರು ನೋಡ್ (ಆ ಹೊದಿಕೆಯ ನಡುನಡುವೆ ಬರಿದಾಗಿರೋ ಜಾಗ) ಔಷಧದಲ್ಲಿ ಮುಳುಗಬೇಕು. ನೋಡ್‌ನಿಂದ ನೋಡ್‌ಗೆ ಇರೋ ದೂರ ವ್ಯಾಸದ ನೂರರಷ್ಟು. 15 ಮೈಕ್ರಾನ್ ಎ-ಆಲ್ಫಾಗೆ (ಸ್ನಾಯು ಆಡಿಸೋ ತಂತು) ಹೆಚ್ಚುಕಡಿಮೆ 3 ಮಿ.ಮೀ. ಉದ್ದಕ್ಕೂ ಔಷಧ ತಾಗಬೇಕು, 2 ಮೈಕ್ರಾನ್ ಎ-ಡೆಲ್ಟಾಗೆ (ಚುಚ್ಚಿದ ನೋವು, ತಂಪು ಒಯ್ಯೋ ತಂತು) ಅರ್ಧ ಮಿ.ಮೀ.ಗಿಂತ ಕಡಿಮೆ ಸಾಕು.

ನರಪಾಠ: ಒಪ್ಪಿದೆ, ಆದರೆ ಸುಪ್ರಾಕ್ಲಾವಿಕ್ಯುಲರ್‌ನಲ್ಲಿ (ಕೊರಳೆಲುಬಿನ ಮೇಲೆ ಕೈಯ ನರಗಳಿಗೆ ಕೊಡೋ ಬ್ಲಾಕ್) 20 ಮಿ.ಲೀ. ಸುರಿದರೆ ಸೆಂಟಿಮೀಟರುಗಟ್ಟಲೆ ನೆನೆಯುತ್ತೆ, ಆ ಲೆಕ್ಕ ಅಲ್ಲಿ ನಡೆಯಲ್ಲ. ಅಲ್ಲಿ ತಂತು ನರದೊಳಗೆ ಎಲ್ಲಿದೆ ಅನ್ನೋದು ಮುಖ್ಯ. ತೋಳಿಗೆ ಹೋಗುವವು ಹೊರಪದರದಲ್ಲಿ, ಬೆರಳಿಗೆ ಹೋಗುವವು ನಡುವೆ. ಅದಕ್ಕೇ ಬೆರಳು ಮರಗಟ್ಟೋ ಮೊದಲೇ ಎಷ್ಟೋ ಸಲ ತೋಳು ಸೋತುಬೀಳುತ್ತೆ.

ಜಯನಗರ_ಪೀಜಿ: ಹಾಗಾದರೆ ಸ್ಪೈನಲ್‌ನಲ್ಲಿ ಸಿಂಪಥೆಟಿಕ್ (ಬಿಪಿ, ಪಲ್ಸ್ ನೋಡಿಕೊಳ್ಳೋ ನರಗಳ) ಬ್ಲಾಕ್ ಅರಿವು ಹೋದ ಮಟ್ಟಕ್ಕಿಂತ ಎರಡು ಸೆಗ್ಮೆಂಟ್ (ಬೆನ್ನುಹುರಿಯ ಹಂತ) ಮೇಲೆ, ಮೋಟಾರ್ (ಸ್ನಾಯುಶಕ್ತಿಯ) ಬ್ಲಾಕ್ ಎರಡು ಕೆಳಗೆ ಅಂತಾರಲ್ಲ, ಅದು?

ಓಟಿ_ಮಲ್ಲೇಶ್ವರಂ: ಮೇಲಕ್ಕೆ ಹೋದಂತೆ ಸಿಎಸ್‌ಎಫ್‌ನಲ್ಲಿ (ಬೆನ್ನುಹುರಿ ಸುತ್ತಲಿನ ದ್ರವ) ಔಷಧ ತೆಳುವಾಗುತ್ತೆ. ಅಂಚಿನಲ್ಲಿ ಉಳಿಯೋ ಅಷ್ಟಕ್ಕೇ ಸಿಂಪಥೆಟಿಕ್‌ನ ಬಿ ತಂತು ನಿಲ್ಲುತ್ತೆ, ಎ-ಆಲ್ಫಾ ನಿಲ್ಲಲ್ಲ. ‘ಎರಡು’ ಅನ್ನೋದು ಅಂದಾಜು ಮಾತ್ರ, ಸಿಂಪಥೆಟಿಕ್ ಇನ್ನೂ ಮೇಲೆ ಹೋಗಿರಬಹುದು. ಟಿ1ರಿಂದ ಟಿ4 (ಎದೆಭಾಗದ ಮೇಲಿನ ನಾಲ್ಕು ಸೆಗ್ಮೆಂಟ್, ಹೃದಯದ ವೇಗ ಏರಿಸೋ ನರಗಳ ಜಾಗ) ಸಿಕ್ಕಿಕೊಂಡರೆ ಬಿಪಿ ಜೊತೆ ಪಲ್ಸೂ ಇಳಿಯುತ್ತೆ, ಅಟ್ರೊಪಿನ್ (ಪಲ್ಸ್ ಏರಿಸೋ ಔಷಧ) ಕೈಯಲ್ಲಿರಲಿ.

ಎಪಿಡ್ಯುರಲ್_ಅಕ್ಕ: ಒಂದು ಸಂಶಯ. ಸಿ ಅಷ್ಟು ಗಟ್ಟಿ ಅಂದ್ರೆ, ಎಪಿಡ್ಯುರಲ್‌ನಲ್ಲಿ ಕೊಡೋ 0.1% ಬುಪಿವಕೇನಿಗೆ (ಲಿಡೊಕೇನ್ ಥರದ್ದೇ ಔಷಧ) ಹೆರಿಗೆ ನೋವು ಕಡಿಮೆಯಾಗಿ ಕಾಲು ಆಡೋದು ಹೇಗೆ?

ನರಪಾಠ: ಆ ಸಿರಿಂಜಿನಲ್ಲಿ ಮಿ.ಲೀ.ಗೆ 2 ಮೈಕ್ರೋಗ್ರಾಂ ಫೆಂಟನಿಲ್ (ಮಾರ್ಫಿನ್ ಜಾತಿಯ ನೋವಿನ ಔಷಧ) ಇರುತ್ತಲ್ಲ, ಅರ್ಧ ಕೆಲಸ ಅದರದ್ದು. ಅದು ಹಿಡಿಯೋದು ತಂತುವನ್ನಲ್ಲ, ಬೆನ್ನುಹುರಿಯ ಹಿಂಗೊಂಬನ್ನ (ನೋವಿನ ಸುದ್ದಿ ಬಂದು ಸೇರೋ ಹಿಂಭಾಗ). ಜೊತೆಗೆ ಪದೇಪದೇ ಮಿಡಿಯೋ ತಂತುವಿನ ಸೋಡಿಯಂ ಚಾನೆಲ್‌ಗೆ ಔಷಧ ಹೆಚ್ಚು ಅಂಟುತ್ತೆ.

ಎಪಿಡ್ಯುರಲ್_ಅಕ್ಕ: ಸರಿ. ಪೀಜಿ, ಓಟಿಯಲ್ಲಿ ಇದು ಎಡವೋ ಜಾಗ ಸಿಸೇರಿಯನ್. ಸ್ಪೈನಲ್‌ನಲ್ಲಿ 0.5% ಹೆವಿ (ಸಿಎಸ್‌ಎಫ್‌ಗಿಂತ ಭಾರದ) ಬುಪಿವಕೇನ್ 2 ಮಿ.ಲೀ. ಕೊಟ್ಟು, ಸ್ಪಿರಿಟ್ ಹತ್ತಿಗೆ ಟಿ4 ತನಕ ತಂಪು ಗೊತ್ತಾಗಲ್ಲ ಅಂದ ತಕ್ಷಣ ಕತ್ತಿ ಹಾಕಲು ಬಿಡಬೇಡಿ. ಸ್ಪರ್ಶದ ಮಟ್ಟ ಇನ್ನೂ ಕೆಳಗೇ ಇರಬಹುದು, ಪೆರಿಟೋನಿಯಂ (ಹೊಟ್ಟೆಯ ಒಳಪೊರೆ) ಎಳೆದಾಗ ತಾಯಿ ಕಿರುಚುತ್ತಾಳೆ. ಹಗುರವಾಗಿ ಮುಟ್ಟಿ, ಎರಡೂ ಪಕ್ಕ, ಟಿ5 ತನಕ ನೋಡಿ.

ಜಯನಗರ_ಪೀಜಿ: ‘ದಪ್ಪ, ಮಯಲಿನ್, ನೆನೆದ ಉದ್ದ, ನರದೊಳಗಿನ ಜಾಗ, ಮಿಡಿತದ ವೇಗ’ ಅಂತ ಬರೀತೀನಿ. ಟೇಬಲ್?

ನರಪಾಠ: ಹಾಕು, ಮಾರ್ಕ್ಸ್ ಬರುತ್ತೆ. ಕೆಳಗೆ ಇಲಿಯ ವಿಷಯ ಒಂದು ಸಾಲು ಸೇರಿಸು.